ಹತ್ತನೆಯವನಿಗೊಬ್ಬ ಗುರು

ಷೇರು ವಹಿವಾಟಿನ ಆಪ್ ತೆರೆದ ಕೂಡಲೇ ಒಂದು ಎಚ್ಚರಿಕೆ ಎದ್ದು ನಿಲ್ಲುತ್ತದೆ. ಷೇರಿನ ನಾಳಿನ ಬೆಲೆಯ ಮೇಲೆ ಪಣ ಕಟ್ಟುವ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಕೈ ಹಾಕಿದ ಹತ್ತು ಜನರಲ್ಲಿ ಒಂಬತ್ತು ಜನ ದುಡ್ಡು ಕಳೆದುಕೊಂಡಿದ್ದಾರೆ ಎಂಬುದು ಅದರ ಸಾರಾಂಶ. 2023ರ ಜುಲೈಯಿಂದ ಎಲ್ಲ ಬ್ರೋಕರುಗಳೂ ಇದನ್ನು ಗ್ರಾಹಕರ ಕಣ್ಣಿಗೆ ಬೀಳಿಸಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಕಟ್ಟಪ್ಪಣೆ. ಕೆಳಗೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ 'ಓದಿದೆ, ಅರ್ಥವಾಯಿತು' ಎಂದು ಒಪ್ಪಿಕೊಂಡಂತೆ. ಎರಡೂ ಸುಳ್ಳು.

ಓದಿದವರೂ ಕೆಲವರು ಇರಬಹುದು. ಆದರೆ ಆ ಒಂಬತ್ತರಲ್ಲಿ ತನ್ನನ್ನು ಸೇರಿಸಿಕೊಂಡು ಓದಿದವನನ್ನು ನಾನಿನ್ನೂ ನೋಡಬೇಕಾಗಿದೆ. ಹೊಳೆ ದಾಟಿದ ಹತ್ತು ಮಂದಿ ಪೆದ್ದರ ಕಥೆ ಗೊತ್ತಲ್ಲ. ಆಚೆ ದಡ ಸೇರಿ ಒಬ್ಬೊಬ್ಬನೂ ಎಣಿಸಿದ. ತನ್ನನ್ನು ಬಿಟ್ಟು ಎಣಿಸಿದ್ದರಿಂದ ಎಲ್ಲರಿಗೂ ಒಂಬತ್ತೇ ಸಿಕ್ಕಿತು. ಒಬ್ಬ ಕೊಚ್ಚಿಹೋದನೆಂದು ಗೋಳಾಡುತ್ತಿದ್ದಾಗ ದಾರಿಹೋಕನೊಬ್ಬ ಬಂದು ಒಬ್ಬನ ಬೆನ್ನು ತಟ್ಟಿ, "ನೀನೇ ಕಣಯ್ಯ ಹತ್ತನೆಯವನು" ಎಂದ. ವೇದಾಂತಿಗಳು ಈ ಕಥೆಯನ್ನು ಆತ್ಮಜ್ಞಾನಕ್ಕೆ ಹಚ್ಚಿದರು. ಆಪ್ಷನ್ಸ್ ಪೇಟೆಯ ದಡದಲ್ಲೂ ಒಬ್ಬ ದಾರಿಹೋಕ ಕಾದು ನಿಂತಿರುತ್ತಾನೆ. ಹತ್ತೂ ಜನರ ಬೆನ್ನು ತಟ್ಟಿ, ಒಬ್ಬೊಬ್ಬನ ಕಿವಿಯಲ್ಲೂ ಅದೇ ಮಾತು ಹೇಳುತ್ತಾನೆ. ಬೆನ್ನು ತಟ್ಟಿದ್ದಕ್ಕೆ 24,999 ರೂಪಾಯಿ, ಜಿಎಸ್‌ಟಿ ಬೇರೆ.

ಹತ್ತಕ್ಕೆ ಒಬ್ಬನಾದರೂ ಗೆಲ್ಲುತ್ತಾನಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರಿಗಾಗಿ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ವರದಿ ತಂದಿತು. 2021-22ರಿಂದ ಮೂರು ಹಣಕಾಸು ವರ್ಷಗಳಲ್ಲಿ ಈ ಆಟಕ್ಕಿಳಿದ ಸಾಮಾನ್ಯರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ 93 ಜನ ಸೋತರು, ತಲೆಗೆ ಸರಾಸರಿ ಎರಡು ಲಕ್ಷ. ಎಲ್ಲ ಸೇರಿ ಕಳೆದದ್ದು 1.8 ಲಕ್ಷ ಕೋಟಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಉಳಿಸಿಕೊಂಡವರು ನೂರಕ್ಕೆ ಒಬ್ಬರು. ಅಂದರೆ ಹತ್ತನೆಯವನ ಕುರ್ಚಿಯಲ್ಲಿ ಕೂತವನಿಗೂ ಬಹಳ ಮಟ್ಟಿಗೆ ಕಾಫಿ ಖರ್ಚು ಗಿಟ್ಟಿದೆ, ಅಷ್ಟೇ. ಈ ಆಟಗಾರರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ವರ್ಷದ ಆದಾಯ ಐದು ಲಕ್ಷದೊಳಗೆ ಎಂದು ಬರೆದುಕೊಟ್ಟವರು. ನೂರಕ್ಕೆ 72ರಷ್ಟು ಮಂದಿ ಮೂವತ್ತು ದೊಡ್ಡ ನಗರಗಳ ಆಚೆಯವರು. ದಲಾಲ್ ಸ್ಟ್ರೀಟ್ ಮುಂಬೈಯಲ್ಲಿದೆ ಎನ್ನುವುದು ಹಳೆಯ ಮಾತು. ಅದೀಗ ತಿಪಟೂರಿನ ಮೊಬೈಲ್ ರಿಪೇರಿ ಅಂಗಡಿಯ ಗಲ್ಲಾದ ಪಕ್ಕ, ಸಿರಸಿಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ, ಹಾಸನದ ಕಾಲೇಜಿನ ಕೊನೆಯ ಬೆಂಚಿನಲ್ಲಿ ಇದೆ.

ಇಂಥ ಕಡೆ ಕೂತ ಹುಡುಗನಿಗೆ ಗುರು ಬೇಕು ಅನ್ನಿಸುವುದು ಸಹಜ. ಹುಡುಕುವ ಕಷ್ಟ ಅವನಿಗಿಲ್ಲ. ಒಂದು ರಾತ್ರಿ 'ಕಾಲ್ ಆಪ್ಷನ್ ಅಂದ್ರೆ ಏನು' ಎಂದು ಫೋನಿನಲ್ಲಿ ಕೇಳಿದರೆ ಸಾಕು, ಬೆಳಗಾಗುವಷ್ಟರಲ್ಲಿ ಹದಿನೆಂಟು ಗುರುಗಳು ಬಾಗಿಲಿಗೆ ಬಂದಿರುತ್ತಾರೆ. ಎಲ್ಲರ ಬೆನ್ನ ಹಿಂದೆಯೂ ಎರಡು ಮಾನಿಟರು, ಅದರಲ್ಲಿ ಹಸಿರು ಕ್ಯಾಂಡಲುಗಳು. ಮಾತು ಶುರುವಾಗುವುದು ಕಾರಿನೊಳಗೆ. ಆಪ್ಷನ್ ಗುರು ಮನೆಯಲ್ಲಿ ಕೂತು ಮಾತಾಡಿದ್ದು ಕಡಿಮೆ, ಅವನಿಗೆ ಸತ್ಯ ಹೊಳೆಯುವುದೇ ಸ್ಟೀರಿಂಗ್ ಮುಂದೆ. ಕಾರಿನ ಕಂತು ಯಾರು ಕಟ್ಟುತ್ತಿದ್ದಾರೆ ಎಂಬುದು ವಿಡಿಯೊದ ಚೌಕಟ್ಟಿನಾಚೆಯ ವಿಷಯ.

ಗುರುವಿನ ಜೀವನಚರಿತ್ರೆಗೆ ಒಂದು ಸಿದ್ಧ ಅಚ್ಚು ಇದೆ. ಐಟಿ ಕಂಪನಿಯಲ್ಲಿ ಕೆಲಸ. ಬಾಸಿನ ಕಾಟ. ಆಪ್ಷನ್ಸ್‌ನಲ್ಲಿ ನಲವತ್ತು ಲಕ್ಷ ಮುಳುಗಿಸಿದ್ದು. ಹೆಂಡತಿಯ ಒಡವೆ ಅಡವಿಟ್ಟದ್ದು. ಒಂದು ರಾತ್ರಿ ಚಾರ್ಟ್ ನೋಡುತ್ತಾ ಕೂತಾಗ ಕಣ್ಣು ತೆರೆದದ್ದು. ಹಿಂದಿನವರು ಕಾಡಿಗೆ ಹೋಗಿ ತಪಸ್ಸು ಮಾಡಿ ಗುರುಗಳಾಗುತ್ತಿದ್ದರು, ಇವರು ನಷ್ಟ ಮಾಡಿ ಆಗಿದ್ದಾರೆ. ನಷ್ಟ ದೊಡ್ಡದಿದ್ದಷ್ಟೂ ಗುರು ದೊಡ್ಡವನು. ನಲವತ್ತು ಲಕ್ಷ ಕಳೆದವನ ಕೋರ್ಸಿಗೆ ಇಪ್ಪತ್ತೈದು ಸಾವಿರ, ಒಂದೂವರೆ ಕೋಟಿ ಕಳೆದವನಿಗೆ ಎಪ್ಪತ್ತೈದು. ದುಡ್ಡು ಕಳೆಯುವುದೇ ಅರ್ಹತೆಯಾದರೆ ಕಲಿಯಲು ಬಂದ ಹುಡುಗನೂ ಒಂದೆರಡು ವರ್ಷದಲ್ಲಿ ಪಾಸಾಗುವುದು ಖಂಡಿತ.

ನನ್ನ ಅಕ್ಕನ ಮಗನೊಬ್ಬ ರಾಜಾಜಿನಗರದ ಒಂದು ಹೋಟೆಲಿನ ಹಾಲಿನಲ್ಲಿ ನಡೆದ ಕಾರ್ಯಾಗಾರಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಪ್ರವೇಶ ಶುಲ್ಕ 99 ರೂಪಾಯಿ. ಉಪ್ಪಿಟ್ಟು, ಕೇಸರಿಭಾತು, ಕಾಫಿ ಅದರಲ್ಲೇ ಬಂತಾದ್ದರಿಂದ ಆ ಬೆಳಗಿನ ಮಟ್ಟಿಗೆ ಎಲ್ಲರೂ ಲಾಭದಲ್ಲೇ ಇದ್ದರು. ಬಾಗಿಲಲ್ಲಿ ಕೊರಳಿಗೆ ಪಟ್ಟಿ ಹಾಕಿದರು. ನನ್ನ ಪಟ್ಟಿಯ ಮೇಲೆ ಹೆಸರಿನ ಕೆಳಗೆ 'ಫ್ಯೂಚರ್ ಫುಲ್‌ಟೈಮ್ ಟ್ರೇಡರ್' ಅಂತ ಇತ್ತು. ಮಂಡಿನೋವಿನ ಮುಲಾಮು ಜೇಬಿನಲ್ಲಿಟ್ಟುಕೊಂಡಿದ್ದ ನನಗೆ ಇಂಥ ಭವಿಷ್ಯ ಕಾದಿರುತ್ತದೆಂದು ಯಾವ ಜೋಯಿಸರೂ ಹೇಳಿರಲಿಲ್ಲ.

ಜೋರು ಸಂಗೀತದ ನಡುವೆ ಗುರು ಬಂದರು. ಮೂವತ್ತರ ಆಸುಪಾಸು, ಬಿಳಿ ಸ್ನೀಕರ್ಸು, ಕಿವಿಯ ಹತ್ತಿರ ಮೈಕಿನ ಕಡ್ಡಿ. "ಬೆಂಗಳೂರು, ಎನರ್ಜಿ ಎಲ್ಲಿದೆ?" ಎಂದು ಕೂಗಿದರು. ಇದ್ದಬದ್ದ ಎನರ್ಜಿಯನ್ನು ಮೆಟ್ರೊದಲ್ಲಿ ಕಳೆದು ಬಂದಿದ್ದ ಜನ ಹೋ ಎಂದರು. ಕೆಲಸ ಬಿಡಬೇಕು ಅಂತ ಯಾರಿಗೆ ಅನಿಸಿದೆ, ಕೈ ಎತ್ತಿ. ಎಲ್ಲ ಕೈಗಳೂ ಮೇಲೆ. ಹಾಲಿನ ಮೂಲೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದ ಹುಡುಗನ ಕೈಯೂ ಮೇಲೆ.

ಆಮೇಲೆ ಪರದೆಯ ಮೇಲೆ ಚಾರ್ಟು. "ಇಲ್ಲಿ ನೋಡಿ ಫ್ರೆಂಡ್ಸ್, ಸಪೋರ್ಟ್ ತಗೊಂಡಿದೆ. ಇಲ್ಲಿ ಎಂಟ್ರಿ. ಇಲ್ಲಿ ಎಕ್ಸಿಟ್. ಎಷ್ಟು ಪಾಯಿಂಟ್? 180. ಎಷ್ಟು ಹೊತ್ತು? 40 ನಿಮಿಷ. ನಿಮ್ಮ ಒಂದು ತಿಂಗಳ ಸಂಬಳ!" ಬಾಣದ ಗುರುತು ಎಳೆದಲ್ಲೆಲ್ಲ ಮಾರುಕಟ್ಟೆ ವಿನಯದಿಂದ ತಿರುಗುತ್ತಿತ್ತು. ಆ ಚಾರ್ಟು ಹಳೆಯದು. 2025ರ ಜನವರಿಯಲ್ಲಿ ಸೆಬಿ ಒಂದು ಸುತ್ತೋಲೆ ಹೊರಡಿಸಿ, ಷೇರು ಶಿಕ್ಷಣದ ಹೆಸರಿನಲ್ಲಿ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸುವಂತಿಲ್ಲ ಎಂದಿತು. ಪಾಠದ ಸೋಗಿನಲ್ಲಿ ಇವತ್ತು ಏನು ಕೊಳ್ಳಬೇಕು ಎಂದು ಹೇಳುವುದನ್ನು ತಡೆಯುವುದು ಉದ್ದೇಶ. ಗುರುವಿಗೆ ಮಾತ್ರ ಇದು ಕೇಳದೇ ಸಿಕ್ಕ ವರವಾಯಿತು. ಮೂರು ತಿಂಗಳ ಹಿಂದೆ ನಿಫ್ಟಿ ಸೂಚ್ಯಂಕ ಯಾವ ಕಡೆ ಹೋಯಿತು ಎಂದು ಊಹಿಸುವುದರಲ್ಲಿ ಇವತ್ತಿನವರೆಗೂ ಒಬ್ಬ ಗುರುವೂ ತಪ್ಪಿದ್ದಿಲ್ಲ.

ಮೂರನೆಯ ಸಾಲಿನಲ್ಲಿ ತುಮಕೂರಿನ ಕಡೆಯ ಹಿರಿಯರೊಬ್ಬರಿದ್ದರು. ಶರ್ಟಿನ ಜೇಬಿನಲ್ಲಿ ಕನ್ನಡಕದ ಡಬ್ಬಿ, ತೊಡೆಯ ಮೇಲೆ ಮಗನ ಪರವಾಗಿ ಬರೆದುಕೊಳ್ಳಲು ತಂದ ನೋಟ್‌ಬುಕ್ಕು. ಪ್ರಶ್ನೋತ್ತರದಲ್ಲಿ ಎದ್ದು ನಿಂತು ಕೇಳಿದರು: "ಎಲ್ಲಾ ಚೆನ್ನಾಗಿ ಹೇಳಿದ್ರಿ ಸ್ವಾಮಿ. ಹೋದ ವರ್ಷ ತಾವು ಇದರಲ್ಲಿ ಎಷ್ಟು ದುಡಿದ್ರಿ?"

ಹಾಲು ಗಪ್‌ಚಿಪ್. ಗುರು ನಕ್ಕರು. ವೇದಿಕೆಯ ಅಂಚಿಗೆ ಬಂದು ಕೂತರು. ದನಿ ಇಳಿಸಿದರು. "ಅಂಕಲ್, ನಾವೆಲ್ಲ ಮಾಡೋ ಮೊದಲ ತಪ್ಪು ಏನು ಗೊತ್ತಾ? ದುಡ್ಡಿನ ಬಗ್ಗೆ ಯೋಚನೆ ಮಾಡೋದು. ಪ್ರೊಸೆಸ್ ನೋಡಿ. ದುಡ್ಡು ತಾನಾಗೇ ಬರುತ್ತೆ."

ಚಪ್ಪಾಳೆಯೋ ಚಪ್ಪಾಳೆ. ಹಿರಿಯರು ಸುತ್ತ ಒಮ್ಮೆ ನೋಡಿ, ಏನೋ ಅಸಭ್ಯ ಮಾತಾಡಿದವರಂತೆ ಮುದುಡಿ ಕೂತರು. ಮೂರು ಗಂಟೆ ದುಡ್ಡಿನ ಮಾತೇ ಆಡಿದ ಹಾಲಿನಲ್ಲಿ ಆ ದುಡ್ಡಿನ ಲೆಕ್ಕ ಕೇಳಿದವರು ಅವರೊಬ್ಬರೇ. ನಾನು ಹೇಗೆ ದುಡಿಯಬೇಕು ಎಂದು ಗುರುವನ್ನು ಕೇಳಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ನೀವು ಹೇಗೆ ದುಡಿಯುತ್ತೀರಿ ಎಂದು ಕೇಳುವುದು ಮಾತ್ರ ನಮ್ಮವರಿಗೆ ಮುಜುಗರ.

ಕೇಳಿದ್ದರೆ ಉತ್ತರ ಕಷ್ಟದ್ದೇನೂ ಆಗಿರಲಿಲ್ಲ. ಹಾಲಿನಲ್ಲಿ ಇನ್ನೂರು ಜನ ಇದ್ದಾರೆ ಅನ್ನಿ. ನಲವತ್ತು ಜನ 'ಇವತ್ತು ಮಾತ್ರ' ಎಂಬ ರಿಯಾಯಿತಿಗೆ ಬಿದ್ದರೂ ಹತ್ತು ಲಕ್ಷ. ಕೋರ್ಸು ಕೊಳ್ಳದವನಿಗೂ ಒಂದು ಲಿಂಕ್ ಬರುತ್ತದೆ: 'ನನ್ನ ಲಿಂಕಿನಲ್ಲಿ ಡಿಮ್ಯಾಟ್ ಖಾತೆ ತೆರೆದರೆ ಮೆಂಟರ್‌ಶಿಪ್ ಉಚಿತ.' ಆ ಲಿಂಕಿನ ಹಿಂದೆ ಬ್ರೋಕರೇಜಿನಲ್ಲಿ ಪಾಲು ಇರುತ್ತದೆ. ಶಿಷ್ಯ ಕೊಂಡರೂ ಪಾಲು, ಮಾರಿದರೂ ಪಾಲು, ಗೆದ್ದರೂ ಸೋತರೂ ಪಾಲು. ದಿನಕ್ಕೆ ಒಂದು ಸಲ ವ್ಯಾಪಾರ ಮಾಡುವ ಸಂಯಮಿಗಿಂತ ಹದಿನೈದು ಸಲ ಗುಂಡಿ ಒತ್ತುವ ಚಪಲಚಿತ್ತನೇ ಈ ಆಶ್ರಮದ ಪಟ್ಟಶಿಷ್ಯ. ಆಪ್ಷನ್ ಶಾಸ್ತ್ರದ ಮೊದಲ ಪಾಠದಲ್ಲೇ ಹೇಳುತ್ತಾರೆ: ಕೊಳ್ಳುವವನಿಗೆ ನಷ್ಟ ಕಟ್ಟಿದ ಪ್ರೀಮಿಯಂಗೆ ಸೀಮಿತ, ಮಾರುವವನಿಗೆ ಲಾಭ ಪಡೆದ ಪ್ರೀಮಿಯಂಗೆ ಸೀಮಿತ. ಇವೆರಡನ್ನೂ ಬಿಟ್ಟು, ಲಾಭಕ್ಕೆ ಮಿತಿಯಿಲ್ಲದ, ನಷ್ಟವೇ ಇಲ್ಲದ ಮೂರನೆಯ ಪೊಸಿಷನ್ನೊಂದನ್ನು ಗುರು ಕಂಡುಹಿಡಿದಿದ್ದಾರೆ. ಅದನ್ನು ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ, ಕಡತದಲ್ಲಿದೆ. 'ಬಾಪ್ ಆಫ್ ಚಾರ್ಟ್' ಎಂಬ ಹೆಸರಿನಲ್ಲಿ ಪಾಠ ಹೇಳುತ್ತಿದ್ದವರ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿ ಇಲ್ಲದೆ ಸಲಹೆ ಕೊಟ್ಟು ಸಂಗ್ರಹಿಸಿದ್ದೆಂದು 17 ಕೋಟಿಗೂ ಹೆಚ್ಚು ಹಣವನ್ನು ತಡೆಹಿಡಿಯಲು ಹೇಳಿತು. ಅದೇ ಆದೇಶದಲ್ಲಿ ಇನ್ನೊಂದು ಲೆಕ್ಕವೂ ಇದೆ. 2021ರ ಜನವರಿಯಿಂದ ಎರಡೂವರೆ ವರ್ಷದಲ್ಲಿ ಸ್ವತಃ ಅವರದೇ ಷೇರು ವಹಿವಾಟಿನಲ್ಲಿ ಆದದ್ದು ಸುಮಾರು 2.89 ಕೋಟಿ ನಷ್ಟ. ಪಾಠ ಹೇಳಿ ಹದಿನೇಳು ಕೋಟಿ ಬಂತು, ಪಾಠ ಮಾಡಿದ್ದನ್ನು ಮಾಡಲು ಹೋಗಿ ಮೂರು ಕೋಟಿ ಹೋಯಿತು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ ಎಂದು ನಗಬಹುದು. ನಾನಂತೂ ನಗಲಾರೆ. ಎರಡು ಅಂಗಡಿ ಇಟ್ಟವನು ಗಿಟ್ಟುವ ಅಂಗಡಿಯನ್ನು ದೊಡ್ಡದು ಮಾಡುವುದು ವ್ಯಾಪಾರದ ಮೊದಲ ನಿಯಮ. ಆ ಮಟ್ಟಿಗೆ ಅಪ್ಪಟ ವ್ಯಾಪಾರಿ.

ಹೋಟೆಲ್ ಹಾಲು ದುಬಾರಿ ಅನ್ನಿಸುವವರಿಗೆ ಟೆಲಿಗ್ರಾಂ ಇದೆ. ಅಲ್ಲಿ ಗುರುವಿಗೆ ಮುಖವೂ ಬೇಡ, ಸ್ನೀಕರ್ಸೂ ಬೇಡ. ಮಂಗಳವಾರ ನಿಫ್ಟಿಯ ಎಕ್ಸ್‌ಪೈರಿ, ಅಂದರೆ ಆ ವಾರದ ಆಪ್ಷನ್ನುಗಳ ಅವಧಿ ಮುಗಿಯುವ ದಿನ. 2025ರ ಸೆಪ್ಟೆಂಬರ್‌ಗೆ ಮೊದಲು ಗುರುವಾರ ಇತ್ತು, ಆ ವಾರವನ್ನಾದರೂ ಗುರುಗಳಿಗೆ ಬಿಡಬಹುದಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಗುಂಪಿನಲ್ಲಿ ಸಂದೇಶ ಬೀಳುತ್ತದೆ: 'ಹೀರೋ ಝೀರೋ ಟ್ರೇಡ್! ಈ ಕಾಲ್ 42ಕ್ಕೆ ತಗೊಳ್ಳಿ. ಟಾರ್ಗೆಟ್ 50, 70, 100, 150+. ಸ್ಟಾಪ್‌ಲಾಸ್ 30. ರಿಸ್ಕ್ ತಗೊಳ್ಳೋರು ಸ್ಟಾಪ್‌ಲಾಸ್ ಇಲ್ಲದೆ ಹೋಲ್ಡ್ ಮಾಡಿ.' ಹುಡುಗ ಅದನ್ನು ಓದಿ, ಊಟದ ಕೈ ಒರೆಸಿಕೊಂಡು, ಆಪ್ ತೆರೆಯುವಷ್ಟರಲ್ಲಿ 42 ಇದ್ದದ್ದು 47. ಕೊಂಡ. 50 ಮುಟ್ಟಿತು. ಗುಂಪಿನಲ್ಲಿ ರಾಕೆಟ್ಟು, ಬೆಂಕಿ, ಕೈಮುಗಿಯುವ ಚಿತ್ರಗಳ ಸುರಿಮಳೆ: 'ಬೂಮ್! ಫಸ್ಟ್ ಟಾರ್ಗೆಟ್ ಡನ್!!' ಎರಡೂ ಮುಕ್ಕಾಲಿಗೆ 31. ಮೂರಕ್ಕೆ 12. ಮೂರೂ ಇಪ್ಪತ್ತೈದಕ್ಕೆ ಐದು ಪೈಸೆ. ಗುಂಪಿನಲ್ಲಿ ಸದ್ದಿಲ್ಲ. ಮರುದಿನ ಬೆಳಗ್ಗೆ ಹುಡುಗ ಹಿಂದಿನ ಸಂದೇಶ ಹುಡುಕಿದರೆ 'ಫಸ್ಟ್ ಟಾರ್ಗೆಟ್ ಡನ್' ಎಂಬುದೊಂದು ಉಳಿದಿದೆ, ಮಿಕ್ಕದ್ದು ಅಳಿಸಿದೆ. 50 ಎಂದವರೂ ಸರಿ, 150 ಎಂದವರೂ ಸರಿ, ಸ್ಟಾಪ್‌ಲಾಸ್ ಇಡಿ ಎಂದವರೂ ಇಡಬೇಡಿ ಎಂದವರೂ ಸರಿ. ಎಲ್ಲ ದಿಕ್ಕಿಗೂ ಬಾಣ ಬಿಟ್ಟು, ಬಿದ್ದಲ್ಲಿ ಗುರಿಯ ಬಳೆ ಬರೆಯುವ ವಿದ್ಯೆ.

ಇದಕ್ಕಿಂತ ಚಂದದ ವಿದ್ಯೆ ಇನ್ನೊಂದಿದೆ, ಲೆಕ್ಕ ಬಲ್ಲವರು ಮೆಚ್ಚಬೇಕು. 1,600 ಫೋನ್ ನಂಬರು ಸಂಪಾದಿಸಿ. ಮೊದಲ ದಿನ ಎಂಟುನೂರು ಜನಕ್ಕೆ ನಾಳೆ ನಿಫ್ಟಿ ಏರುತ್ತದೆ ಎಂದೂ ಉಳಿದ ಎಂಟುನೂರಕ್ಕೆ ಇಳಿಯುತ್ತದೆ ಎಂದೂ ಪುಕ್ಕಟೆ ಭವಿಷ್ಯ ಕಳಿಸಿ. ತಪ್ಪು ಹೋದ ಎಂಟುನೂರನ್ನು ಮರೆತುಬಿಡಿ. ಸರಿ ಹೋದವರನ್ನು ಮತ್ತೆ ನಾಲ್ಕುನೂರು, ನಾಲ್ಕುನೂರು ಮಾಡಿ. ಹೀಗೆ ನಾಲ್ಕು ದಿನ ಕಳೆದರೆ ನೂರು ಜನ ಉಳಿಯುತ್ತಾರೆ. ಸತತ ನಾಲ್ಕು ದಿನ ನಿಮ್ಮ ಮಾತು ನಿಜವಾದದ್ದನ್ನು ಕಣ್ಣಾರೆ ಕಂಡ ನೂರು ಜನ. ಐದನೆಯ ದಿನ ಅವರಿಗೆ ಪ್ರೀಮಿಯಂ ಗ್ರೂಪಿನ ಕರೆಯೋಲೆ. ಚಾರ್ಟು ನೋಡಿಲ್ಲ, ಕ್ಯಾಂಡಲು ಹಚ್ಚಿಲ್ಲ, ಭಾಗಾಕಾರ ಬಂದರೆ ಸಾಕು.

ಸ್ಕ್ರೀನ್‌ಶಾಟಿನ ಮಹಿಮೆಯನ್ನು ಬಿಟ್ಟರೆ ಗುರುಗಳು ಬೇಸರಿಸಿಯಾರು. ಮನೆಯವರ ಹೆಸರಿನಲ್ಲೆಲ್ಲ ಒಂದೊಂದು ಖಾತೆ. ಒಂದರಲ್ಲಿ ಪೇಟೆ ಏರಿದರೆ ಗೆಲ್ಲುವ ಕಾಲ್, ಇನ್ನೊಂದರಲ್ಲಿ ಇಳಿದರೆ ಗೆಲ್ಲುವ ಪುಟ್. ಸಂಜೆ ಯಾವುದು ಹಸಿರೋ ಅದರ ಫೋಟೊ ಊರಿಗೆಲ್ಲ. ಕೆಂಪಾದದ್ದು ಅತ್ತೆಯವರ ಖಾತೆ, ಅದನ್ನು ಯಾರಿಗೂ ತೋರಿಸುವುದಿಲ್ಲ, ಅತ್ತೆಗೂ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಹುಡುಗ ಎದುರಿಸುವುದು ಯಾರನ್ನು? ಒಂದು ಕಡೆ ಒಬ್ಬ ಕೊಳ್ಳಬೇಕಾದರೆ ಇನ್ನೊಂದು ಕಡೆ ಒಬ್ಬ ಮಾರಲೇಬೇಕು. 2023-24ರಲ್ಲಿ ಸಾಮಾನ್ಯರು ಸೋಲುತ್ತಿದ್ದಾಗ ಸ್ವಂತ ಹಣದಲ್ಲಿ ಆಡುವ ಸಂಸ್ಥೆಗಳು ಖರ್ಚು ಕಳೆಯುವ ಮುಂಚೆ 33,000 ಕೋಟಿ, ವಿದೇಶಿ ಹೂಡಿಕೆದಾರರು 28,000 ಕೋಟಿ ಲಾಭ ಎಣಿಸಿದರು. ಆ ಲಾಭದಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಪಾಲು ಕಂಪ್ಯೂಟರಿನ ಅಲ್ಗಾರಿದಮ್ ತಂದದ್ದು. 2025ರ ಜುಲೈಯಲ್ಲಿ ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆಯ ಮೇಲೆ ಸೆಬಿ ಆದೇಶ ಹೊರಡಿಸಿದಾಗ, ಎಕ್ಸ್‌ಪೈರಿ ದಿನಗಳಲ್ಲಿ ಸೂಚ್ಯಂಕವನ್ನೇ ಆಡಿಸಿದ ಆರೋಪದ ಮೇಲೆ 4,843 ಕೋಟಿಗೂ ಹೆಚ್ಚು ಹಣವನ್ನು ಹಿಡಿದಿಟ್ಟಿತು. ಸಂಸ್ಥೆ ಆರೋಪವನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಆ ಕಡೆ ಕೂತಿರುವುದು ಗಣಿತದ ಪಂಡಿತರ ಪಡೆ ಮತ್ತು ಕಣ್ಣು ಮಿಟುಕಿಸುವುದರೊಳಗೆ ಸಾವಿರ ಆರ್ಡರು ಕಳಿಸುವ ಯಂತ್ರ. ಈ ಕಡೆ ನಮ್ಮ ಹುಡುಗ, ಫೋನಿನ ಪರದೆಯ ಮೇಲೆ ಹೆಬ್ಬೆರಳಿನಿಂದ ಸಪೋರ್ಟ್ ಲೈನ್ ಎಳೆಯುತ್ತಾ. ನಡುವೆ ಜಿಯೊ ಸಿಗ್ನಲ್ ಹೋಗಿ ಬಂದು ಮಾಡುತ್ತಿದೆ.

ಪಂಡಿತರಾದರೂ ಗೆದ್ದೇ ಗೆಲ್ಲುತ್ತಾರೆಂದಿಲ್ಲ. ಆಪ್ಷನ್ನಿನ ಬೆಲೆ ಕಟ್ಟುವ ಸೂತ್ರ ಬರೆದ ಮೈರಾನ್ ಶೋಲ್ಸ್ ಮತ್ತು ಅದನ್ನು ಬೆಳೆಸಿದ ರಾಬರ್ಟ್ ಮರ್ಟನ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಬ್ಬರೂ ಪಾಲುದಾರರಾಗಿದ್ದ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ನಿಧಿ 1998ರಲ್ಲಿ ಕೆಲವೇ ತಿಂಗಳಲ್ಲಿ ನಾಲ್ಕು ಶತಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡು ಮುಗ್ಗರಿಸಿತು, ದೊಡ್ಡ ಬ್ಯಾಂಕುಗಳು ಸೇರಿ ಎತ್ತಬೇಕಾಯಿತು. ಅದೇ ಶೋಲ್ಸ್ ಇವತ್ತು ರಾಜಾಜಿನಗರದ ಹಾಲಿಗೆ ಬಂದು, ಇದರಲ್ಲಿ ಮುಂದೇನಾಗುತ್ತದೆ ಎಂದು ಹೇಳಲು ಬರುವುದಿಲ್ಲ ಎಂದರೆ, ಉಪ್ಪಿಟ್ಟು ಮುಗಿಯುವ ಮುಂಚೆ ಹಾಲು ಖಾಲಿ. ಅವರ ಹತ್ತಿರ ಕಾರಿನ ವಿಡಿಯೊ ಕೂಡ ಇಲ್ಲ.

ನಿಜವಾದ ಮಾರ್ಗದರ್ಶಿಗಳೇ ಇಲ್ಲವೇ ಎಂದರೆ ಇದ್ದಾರೆ. ಅವರ ದೋಷ ಇಷ್ಟೇ, ವ್ಯಾಪಾರ ಬಾರದು. ನಮ್ಮ ಬಡಾವಣೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದಾರೆ. ಹಳೆಯ ಕಾಲದಲ್ಲಿ ಕೊಂಡ ಷೇರುಗಳ ಮೇಲೆ ತಿಂಗಳಿಗೊಂದೆರಡು ಕಾಲ್ ಮಾರಿ ಹಾಲು, ಪೇಪರಿನ ಖರ್ಚು ತೂಗಿಸುವ ಸಾವಧಾನದ ಮನುಷ್ಯ. ಕಾಂಟ್ರ್ಯಾಕ್ಟ್ ನೋಟುಗಳನ್ನೆಲ್ಲ ಪ್ರಿಂಟ್ ಹಾಕಿಸಿ ಟ್ಯಾಗ್ ಕಟ್ಟಿ ಇಟ್ಟಿದ್ದಾರೆ. ಅಳಿಯನನ್ನು ಅವರ ಬಳಿಗೂ ಕರೆದುಕೊಂಡು ಹೋದೆ.

"ಸಂಬಳ ಎಷ್ಟಪ್ಪಾ?"

"38 ಸಾವಿರ ಸರ್."

"ಸಾಲ?"

"ಬೈಕಿಂದೊಂದಿದೆ. ಕ್ರೆಡಿಟ್ ಕಾರ್ಡಿಂದು ಸ್ವಲ್ಪ..."

"ಮೊದಲು ಅದನ್ನ ತೀರಿಸು."

ಅಳಿಯ ನನ್ನ ಮುಖ ನೋಡಿದ. ಅವರು ಕನ್ನಡಕ ಏರಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ತಿರುಗಿಸಿ ಲೆಕ್ಕ ಬರೆಯತೊಡಗಿದರು. ನಿಫ್ಟಿಯ ಒಂದು ಲಾಟ್, ಅಂದರೆ ಕನಿಷ್ಠ ಕೊಳ್ಳಬೇಕಾದ ಪ್ರಮಾಣ, ಆಗ 75. ನಲವತ್ತಕ್ಕೆ ಕೊಂಡು ನಲವತ್ತೆರಡಕ್ಕೆ ಮಾರಿದೆ ಅನ್ನು. ಲಾಭ 150. ಕೊಳ್ಳುವಾಗ ಬ್ರೋಕರೇಜು 20, ಮಾರುವಾಗ 20. ಅದರ ಮೇಲೆ ಜಿಎಸ್‌ಟಿ. ಮಾರಿದ್ದರ ಮೇಲೆ ವಹಿವಾಟಿನ ತೆರಿಗೆಯಾದ ಎಸ್‌ಟಿಟಿ. ಎಕ್ಸ್‌ಚೇಂಜಿನವರದ್ದು. ಎಲ್ಲ ಸೇರಿ ಐವತ್ತರ ಮೇಲಾಯಿತು. ಕೈಗೆ ಬಂದದ್ದು ನೂರರ ಹತ್ತಿರ. ಅದೇ ಎರಡು ರೂಪಾಯಿ ಕೆಳಗೆ ಹೋಗಿದ್ದರೆ ಹೋದದ್ದು ಇನ್ನೂರು. "ಗೆದ್ದರೆ ನೂರು, ಸೋತರೆ ಇನ್ನೂರು. ನಾಣ್ಯ ಚಿಮ್ಮಿ ಆಡಿದರೂ ನಿನಗಿಂತ ನಾಣ್ಯಕ್ಕೇ ಲಾಭ. ಆರು ತಿಂಗಳು ದುಡ್ಡು ಹಾಕದೆ ಈ ಲೆಕ್ಕ ಬರಿ. ಆಮೇಲೂ ಆಸೆ ಇದ್ದರೆ ಬಾ, ಮಾತಾಡೋಣ." 2023-24ರಲ್ಲಿ ಸಾಮಾನ್ಯನೊಬ್ಬ ಇಂಥ ಖರ್ಚುಗಳಿಗೇ ಸರಾಸರಿ 26,000 ರೂಪಾಯಿ ತೆತ್ತಿದ್ದಾನೆ ಎಂಬ ಸೆಬಿಯ ಅಂಕಿಯನ್ನೂ ಹಾಳೆಯ ಮೂಲೆಯಲ್ಲಿ ಬರೆದು ಅಡಿಗೆರೆ ಎಳೆದರು. ಶುಲ್ಕ ಕೇಳಲಿಲ್ಲ. ಅವರ ಮನೆಯವರು ಚಕ್ಕುಲಿ ತಂದಿಟ್ಟರು.

ಗೇಟು ದಾಟಿದ ಮೇಲೆ ಅಳಿಯ ಹೇಳಿದ: "ಅಂಕಲ್ ಒಳ್ಳೆಯವರು ಮಾಮ. ಆದ್ರೆ ತುಂಬಾ ನೆಗೆಟಿವ್. ಮೈಂಡ್‌ಸೆಟ್ ಇಲ್ಲ." ಆ ವಾರವೇ 24,999ರ ಕೋರ್ಸಿಗೆ ಸೇರಿದ. ನಗದು ಇರಲಿಲ್ಲ. ಅದಕ್ಕೂ ಗುರುಗಳ ಕಚೇರಿಯಲ್ಲೇ ಏರ್ಪಾಡು ಇತ್ತು, ಹನ್ನೆರಡು ಕಂತಿನ ಇಎಂಐ. ಸಾಲ ತೀರಿಸಿ ಬಾ ಎನ್ನುವ ಗುರುವಿಗಿಂತ ಸಾಲ ಕೊಡಿಸುವ ಗುರು ಹತ್ತಿರದವನು.

ಸರ್ಕಾರ, ಸೆಬಿ ಸುಮ್ಮನೆ ಕೂತಿವೆ ಎಂದು ದೂರುವ ಹಾಗಿಲ್ಲ. 2024ರ ಆಗಸ್ಟ್‌ನಲ್ಲಿ, ನೋಂದಣಿ ಇಲ್ಲದ ಉಪದೇಶಕರ ಜತೆ ಬ್ರೋಕರುಗಳು ಸಂಬಂಧ ಇಟ್ಟುಕೊಳ್ಳಬಾರದು ಎಂದರು. ಅದೇ ವರ್ಷದ ನವೆಂಬರ್‌ನಿಂದ ಪ್ರತಿ ಎಕ್ಸ್‌ಚೇಂಜಿಗೆ ವಾರಕ್ಕೊಂದೇ ಸೂಚ್ಯಂಕದ ಎಕ್ಸ್‌ಪೈರಿ ಎಂದರು. ಅದಕ್ಕೆ ಮೊದಲು ಸೋಮವಾರದಿಂದ ಶುಕ್ರವಾರದವರೆಗೂ ದಿನಕ್ಕೊಂದು ಎಕ್ಸ್‌ಪೈರಿ ಇತ್ತು, ಶ್ರಾವಣದಲ್ಲೂ ಅಷ್ಟು ಹಬ್ಬ ಬರುವುದಿಲ್ಲ. ಸಣ್ಣವರು ದೂರ ಇರಲಿ ಎಂದು ಕಾಂಟ್ರ್ಯಾಕ್ಟಿನ ಗಾತ್ರವನ್ನು ಹದಿನೈದು ಲಕ್ಷಕ್ಕೆ ಏರಿಸಿದರು, 25 ಇದ್ದ ನಿಫ್ಟಿ ಲಾಟು 75 ಆಯಿತು. ಸಣ್ಣವರೆಲ್ಲ ದೂರ ಹೋಗಲಿಲ್ಲ, ಕೆಲವರು ಸಾಲ ಮಾಡಿ ದೊಡ್ಡವರಾದರು. 2024-25ರಲ್ಲಿ ಸಾಮಾನ್ಯರ ನಿವ್ವಳ ನಷ್ಟ ಹಿಂದಿನ ವರ್ಷಕ್ಕಿಂತ ನೂರಕ್ಕೆ 41ರಷ್ಟು ಏರಿ 1.05 ಲಕ್ಷ ಕೋಟಿ ದಾಟಿತು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳ ಬಾಗಿಲು ಹಾಕಿಸಿತು. ರಮ್ಮಿ ಆಡಿದರೆ ಚಟ, ಅದೇ ದುಡ್ಡಿಗೆ ನಿಫ್ಟಿ ಪುಟ್ ಕೊಂಡರೆ ಆರ್ಥಿಕ ಸಾಕ್ಷರತೆ. ಅದರ ಮೇಲೆ ಸರ್ಕಾರಕ್ಕೆ ಎಸ್‌ಟಿಟಿ ಕೂಡ ಬರುತ್ತದೆ, ಮಟ್ಕಾದವರು ಇಂಥ ಉಪಕಾರ ಎಂದೂ ಮಾಡಿದವರಲ್ಲ.

ಕಾನೂನಿಗೆ ಗುರುವಿನ ಉತ್ತರ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. 'ನಾನು ಸೆಬಿ ನೋಂದಾಯಿತ ಸಲಹೆಗಾರನಲ್ಲ ಈ ವಿಡಿಯೊ ಶಿಕ್ಷಣಕ್ಕಾಗಿ ಮಾತ್ರ ನಿಮ್ಮ ಲಾಭನಷ್ಟಕ್ಕೆ ನಾನು ಹೊಣೆಯಲ್ಲ' ಎಂದು ಅಲ್ಪವಿರಾಮ ಕೂಡ ಇಲ್ಲದೆ ಹೇಳಿ, 'ಈಗ ನಾಳೆ ಏನು ಕೊಳ್ಳಬೇಕು ನೋಡೋಣ' ಎನ್ನುತ್ತಾರೆ. ಇಡೀ ವಿಡಿಯೊದಲ್ಲಿ ನಂಬಬಹುದಾದ ವಾಕ್ಯ ಮೊದಲನೆಯದು, ಅದನ್ನೇ ಎಲ್ಲರೂ ಓಡಿಸಿ ಮುಂದೆ ಹೋಗುತ್ತಾರೆ. ನೋಂದಣಿ ಇದ್ದವರು ಯಾರು ಎಂದು ಸೆಬಿಯ ಜಾಲತಾಣದಲ್ಲಿ ನೋಡಲು ಎರಡು ನಿಮಿಷ ಬೇಕು. ಮೊಬೈಲ್ ಕವರು ಕೊಳ್ಳುವ ಮುಂಚೆ ಎಪ್ಪತ್ತು ವಿಮರ್ಶೆ ಓದುವ ಹುಡುಗನಿಗೆ ಆ ಎರಡು ನಿಮಿಷ ಸಿಗುವುದಿಲ್ಲ.

ಇಷ್ಟಾಗಿ, ಹುಡುಗರಿಗೆ ಗುರುವಿನಿಂದ ಬೇಕಾದದ್ದು ವಿದ್ಯೆ ಅಂತ ನನಗೇನೂ ಅನ್ನಿಸುವುದಿಲ್ಲ. ವಿದ್ಯೆ ಬೀದಿಯಲ್ಲಿ ಪುಕ್ಕಟೆ ಬಿದ್ದಿದೆ. ಥೀಟಾ ಎಂದರೇನು, ದಿನ ಕಳೆದಂತೆ ಪ್ರೀಮಿಯಂ ಹೇಗೆ ಕರಗುತ್ತದೆ ಎಂಬುದನ್ನು ಬ್ರೋಕರುಗಳೇ ಉಚಿತ ಪಾಠಗಳಲ್ಲಿ ಬರೆದಿದ್ದಾರೆ. ಅದನ್ನು ಓದಿದರೆ ಭಯವಾಗುತ್ತದೆ. ಭಯವಾದಾಗ ಒತ್ತು ಎನ್ನುವ ಒಂದು ದನಿ ಬೇಕು, ಅದಕ್ಕೆ ಶುಲ್ಕ. ಹೋದ ಮೇಲೆ ಬೈಯಲು ಒಬ್ಬರು ಬೇಕು, ಅದೂ ಶುಲ್ಕದಲ್ಲೇ ಸೇರಿದೆ ಎಂದು ಹುಡುಗ ತಿಳಿದಿರುತ್ತಾನೆ. ಇಲ್ಲೇ ಅವನು ಎಡವುವುದು. ಗುರುವಿನ ಹತ್ತಿರ ಬೈಗುಳಕ್ಕೂ ಹೆಡ್ಜ್ ಇದೆ, ಅದರ ಹೆಸರು ಸೈಕಾಲಜಿ. "ಸ್ಟ್ರ್ಯಾಟಜಿ ಕರೆಕ್ಟಾಗಿತ್ತು ಬ್ರೋ. ನೀವು ಹೆದರಿ ಬೇಗ ಎಕ್ಸಿಟ್ ಆದ್ರಿ." ಹೆದರದೆ ಕೂತು ಕಳೆದಿದ್ದರೆ? "ದುರಾಸೆ ಬ್ರೋ. ಟೈಮಿಗೆ ಎಕ್ಸಿಟ್ ಆಗಬೇಕಿತ್ತು." ರೋಗ ತಿಳಿಯಿತಲ್ಲ, ಮದ್ದು ಎರಡನೆಯ ಹಂತದ ಕೋರ್ಸಿನಲ್ಲಿದೆ: ಟ್ರೇಡಿಂಗ್ ಸೈಕಾಲಜಿ, 39,999. ಅದರಲ್ಲೂ ಗುಣ ಕಾಣದಿದ್ದರೆ ಖುದ್ದು ಮಾರ್ಗದರ್ಶನ. ಅದಕ್ಕೂ ಜಗ್ಗದ ಹಳೆಯ ಕಾಯಿಲೆಯವರಿಗೆ ಗೋವಾದಲ್ಲಿ ಮೂರು ದಿನದ ಶಿಬಿರ, ಸಮುದ್ರದ ಎದುರು ಕೂತು ಬ್ರೇಕ್‌ಔಟ್ ಧ್ಯಾನ. ಸತತ ಎರಡು ವರ್ಷ ಸೋತವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಟ ಬಿಡದೆ ಮುಂದುವರಿದರು ಎಂದು ಸೆಬಿ ಅಚ್ಚರಿಯಿಂದ ಬರೆದುಕೊಂಡಿದೆ. ಅಚ್ಚರಿ ಏಕೆ? ಇಂಥ ಮನೋವೈದ್ಯರಿರುವಾಗ.

ಅಳಿಯನಿಗೆ ಸೈಕಾಲಜಿಯವರೆಗೆ ಹೋಗುವ ಯೋಗ ಕೂಡಿಬರಲಿಲ್ಲ. ಫ್ಯೂಚರ್ಸ್, ಆಪ್ಷನ್ಸ್ ಲಾಭನಷ್ಟ ವ್ಯಾಪಾರದ ಆದಾಯವಾಗುತ್ತದೆ, ಆದಾಯ ತೆರಿಗೆಯ ಐಟಿಆರ್-3 ಫಾರಂ ತುಂಬಬೇಕು ಎಂದು ಅವನ ಆಡಿಟರು ಹೇಳಿದ್ದರು. ಪಾಪ, ಅವನಿಗೆ ಅದರಲ್ಲಿ ನಷ್ಟ ಎಲ್ಲಿ ಬರೆಯುವುದು ಎಂದು ತಿಳಿಯಲಿಲ್ಲ. ಯಾರನ್ನು ಕೇಳುವುದು? ಗುರುಗಳೂ ವರ್ಷ ವರ್ಷ ತುಂಬುತ್ತಾರಲ್ಲ ಎಂದುಕೊಂಡು, ಪ್ರೀಮಿಯಂ ಗ್ರೂಪಿನಲ್ಲಿ ಬಹಳ ವಿನಯದಿಂದ ಬರೆದ: 'ಸರ್, ನಿಮ್ಮ ಹೋದ ವರ್ಷದ ಐಟಿಆರ್-3 ಒಂದು ಕಾಪಿ ಹಾಕ್ತೀರಾ? ಮಾದರಿಗೆ.'

ಹತ್ತು ನಿಮಿಷದೊಳಗೆ ಅಡ್ಮಿನ್ ಅವನನ್ನು ಗುಂಪಿನಿಂದ ತೆಗೆದುಹಾಕಿದರು. ಫೋನ್ ಮಾಡಿದರೆ ಗುರುಗಳ ಕಚೇರಿಯವರು, ನೆಗೆಟಿವ್ ಎನರ್ಜಿಗೆ ಗ್ರೂಪಿನಲ್ಲಿ ಜಾಗವಿಲ್ಲ ಎಂದರಂತೆ. ಕಟ್ಟಿದ ಶುಲ್ಕ ವಾಪಸು ಕೇಳಿದ್ದಕ್ಕೆ, ಅದು ಫೈನಾನ್ಸ್ ಕಂಪನಿಯವರಿಗೂ ನಿಮಗೂ ಸಂಬಂಧಿಸಿದ್ದು ಎಂದರಂತೆ. ಇಎಂಐ ಮಾತ್ರ ಪ್ರತಿ ತಿಂಗಳ 5ನೇ ತಾರೀಕು ಖಾತೆಯಿಂದ ಹೋಗುತ್ತಿದೆ, ಒಂದು ದಿನವೂ ಟಾರ್ಗೆಟ್ ತಪ್ಪಿಲ್ಲ. ಇನ್ನೂ ಏಳು ಕಂತು ಬಾಕಿ.